ಲಕ್ಷ ರೂಪಾಯಿಯ ರಿವಾಲ್ವರು ಯಾರನ್ನು ಕಾಯುತ್ತದೆ?

2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆಯವರು 'ನಿರ್ಭೀಕ್' ಎಂಬ ಹೊಸ ರಿವಾಲ್ವರನ್ನು ಹೊರತಂದರು. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಅತ್ಯಾಚಾರದಿಂದ ದೇಶವೇ ನಡುಗಿತ್ತು. ಇದು ಹೆಣ್ಣುಮಕ್ಕಳ ಆತ್ಮರಕ್ಷಣೆಗೆ ಎಂದು ಸಾರಿದರು. ಟೈಟೇನಿಯಮ್ ಮಿಶ್ರಲೋಹದ ಮೈ, ಅರ್ಧ ಕಿಲೋದಷ್ಟು ತೂಕ, ಆರು ಗುಂಡು, ಒಡವೆ ಇಡುವಂಥ ಪೆಟ್ಟಿಗೆ. ಆಗಿನ ಬೆಲೆ 1,22,360 ರೂಪಾಯಿ. ದಿನಕ್ಕೆ 500 ರೂಪಾಯಿ ದುಡಿಯುವ ಗಿರಣಿಯ ಹೆಣ್ಣುಮಗಳು ಒಂದು ಕಾಸೂ ಮುಟ್ಟದೆ 245 ದಿನದ ಕೂಲಿ ಕೂಡಿಟ್ಟರೆ ಆ ಬೆಲೆಗೆ ಅದನ್ನು ಕೊಳ್ಳಬಹುದಿತ್ತು! ಆದರೆ ರಾತ್ರಿ ಪಾಳಿ ಮುಗಿಸಿ ಕತ್ತಲಲ್ಲಿ ಮನೆಗೆ ನಡೆಯುವವಳು ಅವಳೇ ಹೊರತು ಕಾರಿನಲ್ಲಿ ಹೋಗುವವಳಲ್ಲ. (ಆ ಕಾರ್ಖಾನೆಗಳ ಮಂಡಳಿಯನ್ನು 2021ರಲ್ಲಿ ಒಡೆದು ಏಳು ಕಂಪನಿ ಮಾಡಿದ್ದಾರೆ. ಅದರ ಮಾತು ಇನ್ನೊಮ್ಮೆ.)

ಈ ವಿಚಾರ ಈಗೇಕೆಂದರೆ, ನಮ್ಮ ಪೇಟೆಯ ಕೆಲವು ವರ್ತಕರಲ್ಲಿ ರಿವಾಲ್ವರಿನ ಆಸೆ ಹುಟ್ಟಿದೆ. ದಿನದ ವಸೂಲಿ ಹಿಡಿದು ರಾತ್ರಿ ಒಂಬತ್ತರ ಮೇಲೆ ಮನೆಗೆ ಹೋಗುವವರ ಅಂಜಿಕೆ ನಮಗೆ ತಿಳಿಯದ್ದಲ್ಲ. ಹೆಂಡತಿಯ ಸರ ಅಡವಿಟ್ಟಾದರೂ ಒಳ್ಳೆಯ ಮಾಲನ್ನೇ ಕೊಳ್ಳಬೇಕೆ ಎಂದು ಜವಳಿ ವ್ಯಾಪಾರಿಯೊಬ್ಬರು ನಮ್ಮನ್ನು ಕೇಳಿದ್ದಾರೆ. ಬೇಡ ಎಂಬುದೇ ನಮ್ಮ ಉತ್ತರ.

ಮೊದಲು ಬೆಲೆಯ ಗುಟ್ಟು ನೋಡೋಣ. 1980ರ ದಶಕದ ಮಧ್ಯದಿಂದ ಖಾಸಗಿ ಜನರ ಬಳಕೆಗೆ ವಿದೇಶೀ ಪಿಸ್ತೂಲುಗಳನ್ನು ತರಿಸಿ ಮಾರುವುದು ನಿಂತಿದೆ. ಅದಕ್ಕೂ ಮೊದಲು ಬಂದ ಹಳೆಯ ವೆಬ್ಲಿ, ಸ್ಮಿತ್ ಅಂಡ್ ವೆಸನ್‌ಗಳು ಕೈಯಿಂದ ಕೈಗೆ ದಾಟುತ್ತ ಲಕ್ಷಗಟ್ಟಲೆಗೆ ಬಿಕರಿಯಾಗುತ್ತವೆ. ಕಂಟ್ರೋಲಿನ ಕಾಲದಲ್ಲಿ ಸಕ್ಕರೆಗೆ ಕಾಳಸಂತೆಯ ಬೆಲೆ ಬಂದದ್ದು ಸಕ್ಕರೆ ಹೆಚ್ಚು ಸಿಹಿಯಾದುದರಿಂದಲ್ಲ. ವರ್ತಕರಿಗೆ ಈ ಪಾಠವನ್ನು ನಾವು ಹೇಳಬೇಕಿಲ್ಲ. ಸಾಲದುದಕ್ಕೆ, 2025ರ ಸೆಪ್ಟೆಂಬರಿನಿಂದ ರಿವಾಲ್ವರಿನ ಮೇಲಿನ ಜಿಎಸ್‌ಟಿ ಶೇಕಡ 40. ವಿಲಾಸದ ದೋಣಿ, ಸ್ವಂತ ವಿಮಾನಗಳ ಪಂಕ್ತಿಯಲ್ಲೇ ಸರ್ಕಾರ ಅದನ್ನು ಕೂರಿಸಿದೆ.

ಮಾಲಿನಲ್ಲಿ ಗುಣವಿಲ್ಲವೆನ್ನಲಾರೆವು. ಒಳ್ಳೆಯದರಲ್ಲಿ ಟ್ರಿಗರು ಒಂದೇ ಹದದಲ್ಲಿ ಬರುತ್ತದೆ, ಗುಂಡಿನ ಚಕ್ರ ಅಲ್ಲಾಡುವುದಿಲ್ಲ. ಆದರೆ ಈ ಗುಣ ತಿಳಿಯುವುದು ನೂರಾರು ಗುಂಡು ಹಾರಿಸಿ ಪಳಗಿದ ಕೈಗೆ. ಲೈಸೆನ್ಸಿನಲ್ಲಿ ಗುಂಡು ಇಂತಿಷ್ಟೇ ಎಂದು ಬರೆದಿರುತ್ತದೆ. ಅಂಗಡಿ ಬಿಟ್ಟು ಅಭ್ಯಾಸಕ್ಕೆ ಹೋಗುವವರಾರು? ನೂಲು ಮುಟ್ಟದವನಿಗೆ ಹೊಸ ಮಗ್ಗ ಕೊಡಿಸಿದಂತಾಯಿತು.

ಇನ್ನು ಕಾಯಿದೆ. 1878ರಲ್ಲಿ ಬ್ರಿಟಿಷರು ನಮ್ಮ ಜನರ ಆಯುಧ ಕಿತ್ತು, ಬಿಳಿಯರಿಗೆ ವಿನಾಯಿತಿ ಇಟ್ಟುಕೊಂಡರು. ಈಗಿರುವುದು 1959ರ ಕಾಯಿದೆ. ಬಣ್ಣದ ಭೇದ ಹೋಗಿದೆ, ದುಡ್ಡಿನ ಭೇದ ಉಳಿದಿದೆ. (ಕೊಡಗಿನ ಮಾತು ಬೇರೆ, ಅಲ್ಲಿ ಕೋವಿ ಮನೆತನದ ವಸ್ತು, ಕೈಲು ಮುಹೂರ್ತದಲ್ಲಿ ಪೂಜೆಗೊಳ್ಳುವಂಥದು.) ಪೊಲೀಸರ ವರದಿ, ಜಿಲ್ಲಾಧಿಕಾರಿಗಳ ಒಪ್ಪಿಗೆ, ಮತ್ತೆ ಮತ್ತೆ ನವೀಕರಣ; ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬನ್ನಿ ಎಂಬ ಆಜ್ಞೆ. ಮದುವೆಯ ಸಂಭ್ರಮದಲ್ಲಿ ಜನರ ಪ್ರಾಣಕ್ಕೆ ಅಪಾಯವಾಗುವಂತೆ ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಲಕ್ಷದವರೆಗೆ ದಂಡ, ಇಲ್ಲವೆ ಎರಡೂ.

ಇಷ್ಟಾಗಿಯೂ ಅದು ಕಾಯುತ್ತದೆಯೆ? 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆಯೇ ಕೊಂದರು. ಬಳಸಿದ್ದು ನಾಡ ಪಿಸ್ತೂಲು; ಎರಡೂ ಕಡೆ ಅದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಕೊಲ್ಲಬಂದವನಿಗೆ ದುಬಾರಿ ಮಾಲು ಬೇಕಾಗಲಿಲ್ಲ, ಹೊತ್ತು ಗೊತ್ತಿದ್ದರೆ ಸಾಕಾಯಿತು. ಕಾದು ನಿಂತವನ ಮುಂದೆ ಪೆಟ್ಟಿಗೆಯೊಳಗಿನ ಟೈಟೇನಿಯಮ್ ಏನು ಮಾಡೀತು?

ಮನೆಯೊಳಗಿನ ಭಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈಗೆಟುಕುವಂತೆ ಇಟ್ಟರೆ ಮಗುವಿಗೂ ಎಟುಕುತ್ತದೆ. ಬೀಗ ಹಾಕಿಟ್ಟರೆ ಬೇಕಾದ ಗಳಿಗೆಗೆ ನಿಮಗೂ ಸಿಗುವುದಿಲ್ಲ. ಸಾಲದವರು ಬಾಗಿಲಲ್ಲಿ ಕೂತು ಎದ್ದುಹೋದ ರಾತ್ರಿ, ಮನಸ್ಸು ಕುಸಿದಿರುವಾಗ, ಅದು ಮನೆಯಲ್ಲಿ ಇಲ್ಲದಿರುವುದೇ ಲೇಸು. ದರೋಡೆಕೋರನಿಗಿಂತ ಇಂಥ ರಾತ್ರಿಗಳು ಸಣ್ಣ ವ್ಯಾಪಾರಿಯ ಮನೆಗೆ ಹೆಚ್ಚು ಬರುತ್ತವೆಂಬುದು ಓದುಗರಿಗೆ ಗೊತ್ತು.

ಒಂದು ರಿವಾಲ್ವರಿನ ಹಣವೆಂದರೆ ವರ್ಷವಿಡೀ ತಿಂಗಳಿಗೆ ಹತ್ತು ಸಾವಿರ. ಅಷ್ಟಕ್ಕೆ ಕಾವಲುಗಾರನ ನ್ಯಾಯವಾದ ಕೂಲಿ ಆಗದು, ಅರೆಕೂಲಿಗೆ ಆಳು ಹುಡುಕಿರೆಂದು ನಾವು ಹೇಳುವವರಲ್ಲ. ಆದರೆ ಸಾಲಿನ ಇಪ್ಪತ್ತು ಅಂಗಡಿಗಳು ತಿಂಗಳಿಗೆ ಸಾವಿರದಂತೆ ಹಾಕಿದರೆ ಇಪ್ಪತ್ತು ಸಾವಿರವಾಗುತ್ತದೆ. ಗಿರಣಿಯ ದಾರಿಯ ದೀಪ ಉರಿಸುವುದು ಮತ್ತು ರಾತ್ರಿ ಬೀಟು ಹಾಕುವುದು ಸರ್ಕಾರದ ಕೆಲಸ, ಅದಕ್ಕೆ ಯಾರೂ ಚಂದಾ ಎತ್ತಬೇಕಿಲ್ಲ. ಅದರ ಮನವಿ ಪತ್ರ ನಮ್ಮ ಕಚೇರಿಯಲ್ಲಿದೆ. ಗಿರಣಿಯವರು ಪಾಳಿ ಬಿಟ್ಟ ಮೇಲೆ, ಅಂಗಡಿಯವರು ಕದ ಹಾಕಿದ ಮೇಲೆ ಬಂದು ಸಹಿ ಮಾಡಬಹುದು. ರಾತ್ರಿ ಹತ್ತರವರೆಗೂ ಯಾರಾದರೊಬ್ಬರು ಇರುತ್ತೇವೆ.