ಬಾಡಿಗೆ ಕಟ್ಟೋದೆಲ್ಲ ದಂಡ ಅಲ್ಲ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಎರಡೂ ಕೈಯಲ್ಲಿರೋ ದುಡ್ಡನ್ನೆಲ್ಲ ಖಾಲಿ ಮಾಡಿಸುತ್ತವೆ. ಈಗ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷ ಆಯಿತೆಂದರೆ ಈ ಎರಡೂ ಮಾತು ಒಟ್ಟಿಗೇ ಶುರುವಾಗುತ್ತವೆ. ‘ಇಬ್ಬರು ಗೆಳತಿಯರ ಜೊತೆ ಇನ್ನೆಷ್ಟು ದಿನ ಬಾಡಿಗೆ ಮನೇಲಿರ್ತೀಯ? ತಿಂಗಳು ತಿಂಗಳು ಹತ್ತು ಸಾವಿರ ನೀರಿಗೆ ಹಾಕೋ ಬದಲು ಒಂದು ಫ್ಲಾಟ್ ತಗೋಬಾರದಾ?’ ಅಂತ ಅಪ್ಪ ಕೇಳುತ್ತಾರೆ. ‘ನಂಗೆ ಇಲ್ಲೇ ಚೆನ್ನಾಗಿದೆಯಮ್ಮ’ ಅಂತ ಮಗಳು ಅಮ್ಮನ ಹತ್ತಿರ ಗೊಣಗುತ್ತಾಳೆ. ನಡುವೆ ಸಿಕ್ಕಿಕೊಳ್ಳುವವರು ನಾವು, ತಾಯಂದಿರು.

ಯಾರ ಪಕ್ಷ ವಹಿಸೋದು? ಮೊದಲು ಒಂದು ಹಾಳೆ, ಪೆನ್ನು ತಗೊಳ್ಳಿ. ದಿನಸಿ ಪಟ್ಟಿ ಬರೆದು ಕಾಸಿಗೆ ಕಾಸು ಲೆಕ್ಕ ಹಾಕುವ ನಮಗೆ ಇದು ಕಷ್ಟವೇನಲ್ಲ.

60 ಲಕ್ಷ ರೂಪಾಯಿಯ ಒಂದು ಫ್ಲಾಟ್ ಅಂತಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆ ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಅಂದರೆ 48 ಲಕ್ಷ ಸಾಲ, 12 ಲಕ್ಷ ನಮ್ಮ ಕೈಯಿಂದ. ಇಷ್ಟಕ್ಕೇ ಮುಗಿಯಲಿಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಎಲ್ಲ ಸೇರಿ ನಾಲ್ಕೂವರೆ ಲಕ್ಷ ದಾಟುತ್ತೆ. ಹೀಗೆ ಬೀಗದ ಕೈ ಸಿಗೋ ಹೊತ್ತಿಗೆ ಹದಿನಾರೂವರೆ ಲಕ್ಷ ಕೈಬಿಟ್ಟಿರುತ್ತೆ. ಕಪಾಟು, ಅಡುಗೆಮನೆ ಕೆಲಸ, ಗೃಹಪ್ರವೇಶದ ಊಟ ಎಲ್ಲ ಆಮೇಲಿನ ಮಾತು.

ಇನ್ನು ಕಂತು. ಶೇ. 8.5 ಬಡ್ಡಿ, 20 ವರ್ಷ ಅಂತ ಹಿಡಿದರೆ 48 ಲಕ್ಷಕ್ಕೆ ತಿಂಗಳಿಗೆ ಸುಮಾರು 41,650 ರೂಪಾಯಿ. ಇಲ್ಲೇ ನಿಜವಾದ ವಿಷಯ ಇರೋದು. ಮೊದಲ ತಿಂಗಳ ಕಂತಿನಲ್ಲಿ 34 ಸಾವಿರ ಬರೀ ಬಡ್ಡಿಗೇ ಹೋಗುತ್ತೆ. ಅಸಲಿಗೆ ಸೇರೋದು ಏಳೂವರೆ ಸಾವಿರ ಚಿಲ್ಲರೆ. ಹತ್ತು ಸಾವಿರ ಬಾಡಿಗೆ ದಂಡ ಅನ್ನುವವರು 34 ಸಾವಿರ ಬಡ್ಡಿಗೆ ಏನಂತಾರೆ? ಇಪ್ಪತ್ತು ವರ್ಷ ಮುಗಿಯುವಾಗ ಕಟ್ಟಿದ್ದು ಹತ್ತಿರ ಹತ್ತಿರ ಒಂದು ಕೋಟಿ.

‘ತೆರಿಗೆ ಉಳಿಯುತ್ತಲ್ಲ’ ಅನ್ನಬಹುದು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ, ನಾವೇ ವಾಸವಿರುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ. ಮಗಳು ಯಾವ ಪದ್ಧತಿಯಲ್ಲಿದ್ದಾಳೆ ಅಂತ ಮೊದಲು ಕೇಳಿ. ‘ಬೆಲೆ ಏರುತ್ತಲ್ಲ’ ಅನ್ನೋದೂ ಅರ್ಧ ಸತ್ಯ. ಏರೋದು ನೆಲದ ಬೆಲೆ, ಕಟ್ಟಡ ಹಳತಾಗ್ತಾ ಹೋಗುತ್ತೆ. ಫ್ಲಾಟಿನಲ್ಲಿ ನಮ್ಮ ಪಾಲಿಗೆ ಬರೋ ನೆಲ ಎಷ್ಟು? ಅದೂ ಅಲ್ಲದೆ ಚಿನ್ನ ಮಾರಿದ ಹಾಗೆ ಒಂದೇ ದಿನದಲ್ಲಿ ಫ್ಲಾಟ್ ಮಾರೋಕಾಗಲ್ಲ.

ಹಾಗಂತ ಮನೆ ಕೊಳ್ಳಲೇಬೇಡಿ ಅಂತ ಖಂಡಿತ ಹೇಳ್ತಿಲ್ಲ. ತನ್ನ ದುಡಿಮೆಯಲ್ಲಿ, ತನ್ನ ಹೆಸರಿನಲ್ಲಿ ಒಂದು ಸೂರು ಇರೋದು ಹೆಣ್ಣಿಗೆ ದೊಡ್ಡ ಬಲ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಭಾಗ್ಯ ಇತ್ತು ಹೇಳಿ? ಆದರೆ ಆ ಸೂರು ಅಪ್ಪನ ನಿವೃತ್ತಿ ದುಡ್ಡು, ಅಮ್ಮನ ಬಳೆ ಕರಗಿಸಿ ಬಂದದ್ದಾಗಬಾರದು. ನಾಳೆ ಆಸ್ಪತ್ರೆ ಖರ್ಚು ಬಂದರೆ ಕಂತು ಕಟ್ಟುತ್ತಿರೋ ಮಗಳ ಮುಂದೆಯೇ ಕೈಚಾಚಬೇಕಾಗುತ್ತೆ. ಅವಳಿಗೂ ಸಂಕಟ, ನಿಮಗೂ ಸಂಕಟ. ಸಾಲಕ್ಕೆ ಅಪ್ಪ ಜಂಟಿ ಸಹಿ ಹಾಕಿದರೆ ಆ ಸಾಲ ಅವರದ್ದೂ ಆಗುತ್ತೆ ಅನ್ನೋದು ನೆನಪಿರಲಿ.

ಗೆಳತಿಯರ ಜೊತೆ ಇರೋ ಈ ವರ್ಷಗಳೇ ಅವಳಿಗೆ ಉಳಿತಾಯದ ಕಾಲ. ಬಾಡಿಗೆ ಕಡಿಮೆ, ಜೊತೆಗೆ ಜನ ಇದ್ದಾರೆ, ಜ್ವರ ಬಂದರೆ ಗಂಜಿ ಕಾಸಿಕೊಡೋಕೆ ಒಬ್ಬಳಿರ್ತಾಳೆ. ಕಂತಿಗೆ ಹೋಗಬೇಕಿದ್ದ ದುಡ್ಡಿನಲ್ಲಿ ತಿಂಗಳಿಗೆ 25 ಸಾವಿರ ಆರ್‌ಡಿ ಕಟ್ಟಿದರೆ ಐದು ವರ್ಷಕ್ಕೆ 15 ಲಕ್ಷ, ಮೇಲೆ ಬಡ್ಡಿ. ಆದರೆ ಇದಕ್ಕೆ ಒಂದೇ ಷರತ್ತು: ಉಳಿದ ದುಡ್ಡು ನಿಜವಾಗಿಯೂ ಉಳೀಬೇಕು. ಹೊಸ ಫೋನು, ವಾರಾಂತ್ಯದ ಹೋಟೆಲ್ಲು ಅಂತ ಕರಗಿಹೋದರೆ ಅಪ್ಪ ಹೇಳಿದ್ದೇ ಸರಿ.

ಜೊತೆ ವಾಸಕ್ಕೂ ಕಾಗದ ಬೇಕು. ಬಾಡಿಗೆ ಕರಾರಿನಲ್ಲಿ ಮೂವರ ಹೆಸರೂ ಇರಲಿ. ಅಡ್ವಾನ್ಸಿನಲ್ಲಿ ಯಾರ ಪಾಲು ಎಷ್ಟು, ಒಬ್ಬಳು ಮದುವೆಯಾಗಿ ಹೋದರೆ ಎಷ್ಟು ದಿನ ಮುಂಚೆ ಹೇಳಬೇಕು, ಸುಣ್ಣಬಣ್ಣಕ್ಕೆ ಮಾಲೀಕರು ಎಷ್ಟು ಹಿಡಿದುಕೊಳ್ಳುತ್ತಾರೆ ಅನ್ನೋದನ್ನೆಲ್ಲ ಬರೆದಿಟ್ಟುಕೊಳ್ಳಲಿ. ಒಬ್ಬಳು ಬಿಟ್ಟರೆ ಉಳಿದವರ ಪಾಲು ಹತ್ತರಿಂದ ಹದಿನೈದು ಸಾವಿರಕ್ಕೆ ಏರುತ್ತೆ, ಅದಕ್ಕೂ ತಯಾರಿರಬೇಕು.

‘ಮೂವರೂ ಸೇರಿ ಒಂದು ಮನೆ ಕೊಂಡುಬಿಡ್ತೀವಿ’ ಅಂದರೆ ಮಾತ್ರ ತಡೀರಿ. ಬ್ಯಾಂಕುಗಳು ಸಾಮಾನ್ಯವಾಗಿ ಗಂಡ-ಹೆಂಡತಿ, ಅಪ್ಪ-ಅಮ್ಮ-ಮಕ್ಕಳಿಗೆ ಜಂಟಿ ಸಾಲ ಕೊಡುತ್ತವೆಯೇ ಹೊರತು ಸ್ನೇಹಿತರಿಗೆ ಕೊಡೋದು ಅಪರೂಪ. ಒಬ್ಬಳ ಪಾಲು ನಾಳೆ ಅವಳ ವಾರಸುದಾರರಿಗೆ ಹೋಗಬಹುದು. ಪಾಲುದಾರರಲ್ಲಿ ಯಾರು ಬೇಕಾದರೂ ಕೋರ್ಟಿಗೆ ಹೋಗಿ ವಿಭಾಗ ಕೇಳಬಹುದು. ಸ್ನೇಹವೂ ಹೋಗುತ್ತೆ, ಮನೆಯೂ ಹೋಗುತ್ತೆ.

ಹಾಗಾದರೆ ಯಾವಾಗ ಕೊಳ್ಳೋದು? ಈ ಪ್ರಶ್ನೆಗಳಿಗೆಲ್ಲ ‘ಹೌದು’ ಅನ್ನೋ ಉತ್ತರ ಬಂದಾಗ:

* ಇನ್ನು ಐದಾರು ವರ್ಷ ಅದೇ ಊರಿನಲ್ಲಿರೋದು ಬಹುತೇಕ ಖಚಿತವೇ?
* ಕೈಯಿಂದ ಹಾಕುವ ಹಣದ ಜೊತೆಗೆ ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ಇದೆಯೇ?
* ಕಂತು ಕೈಗೆ ಬರೋ ಸಂಬಳದ ಮೂರನೇ ಒಂದು ಭಾಗದ ಒಳಗಿದೆಯೇ? 41,650ರ ಕಂತಿಗೆ ಸಂಬಳ ಒಂದೂಕಾಲು ಲಕ್ಷ ಇರಬೇಕು.
* ಮೂಲಪತ್ರ, ಋಣಭಾರ ಪತ್ರ, ಇ-ಖಾತಾ, ವಾಸಯೋಗ್ಯ ಪ್ರಮಾಣಪತ್ರ (ಓಸಿ) ಎಲ್ಲವನ್ನೂ ನಮ್ಮದೇ ವಕೀಲರು ನೋಡಿದ್ದಾರೆಯೇ? ಬಿಲ್ಡರ್ ಕಡೆಯ ವಕೀಲರು ನೋಡಿದರೆ ಸಾಲದು.
* ಕಟ್ಟುತ್ತಿರುವ ಫ್ಲಾಟಾದರೆ ರೇರಾ ನೋಂದಣಿ ಇದೆಯೇ? ಕರಾರು ನೋಂದಣಿ ಆಗೋ ಮುಂಚೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ.

ಕ್ರಯಪತ್ರ ದುಡ್ಡು ಕಟ್ಟುವವಳ ಹೆಸರಿನಲ್ಲೇ ಆಗಲಿ. ಜೊತೆಗೊಂದು ವಿಲ್ ಬರೆಸಿಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮದುವೆಯಾದ ಹೆಣ್ಣು ವಿಲ್ ಬರೆಯದೆ ತೀರಿಕೊಂಡು, ಗಂಡ-ಮಕ್ಕಳೂ ಇಲ್ಲದಿದ್ದರೆ, ಅವಳೇ ದುಡಿದು ಕೊಂಡ ಆಸ್ತಿ ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತೆ. ಅಪಶಕುನದ ಮಾತು ಅಂತ ತಳ್ಳಿಹಾಕಬೇಡಿ.

ಎದುರುಮನೆಯವರ ಮಗಳು ಫ್ಲಾಟ್ ತಗೊಂಡಳು ಅನ್ನೋದು ನಮ್ಮ ಮಗಳು ಸಾಲ ಮಾಡೋಕೆ ಕಾರಣ ಆಗಬಾರದು. ಈ ಭಾನುವಾರ ಅವಳು ಫೋನ್ ಮಾಡಿದಾಗ ‘ಮನೆ ಯಾವಾಗ ತಗೋತೀಯ?’ ಅನ್ನೋ ಬದಲು ‘ಈ ತಿಂಗಳು ಎಷ್ಟು ಉಳಿಸಿದೆ ಮಗಳೇ?’ ಅಂತ ಕೇಳಿ ನೋಡಿ. ಅವಳು ಕೊಡೋ ಉತ್ತರದಿಂದಲೇ ಮನೆಗೆ ಇನ್ನೆಷ್ಟು ದಿನ ಕಾಯಬೇಕು ಅನ್ನೋದು ನಿಮಗೂ ತಿಳಿಯುತ್ತೆ, ಅವಳಿಗೂ ತಿಳಿಯುತ್ತೆ.