ಅರವತ್ತರ ಮೇಲೆ ಗುದ್ದಲಿ ಬೇಡ, ತರಗೆಲೆ ಸಾಕು



"ರಿಟೈರ್ ಆದಮೇಲೆ ಊರಿಗೆ ಹೋಗಿ ಹಿತ್ತಲಲ್ಲಿ ತರಕಾರಿ ಬೆಳ್ಕೊಂಡು ಆರಾಮಾಗಿ ಇರ್ತೀವಿ." ಗುಜರಾತಿಗೆ ಬಂದು ಮೂವತ್ತು ನಲವತ್ತು ವರ್ಷ ಕಳೆದ ನಮ್ಮಲ್ಲಿ ಈ ಮಾತು ಆಡದವರು ಯಾರಿದ್ದಾರೆ? ನಾನೂ ಆಡಿದ್ದೆ. ಈಗ ನನಗೆ ಅರವತ್ತೆಂಟು. ಮಗ, ಸೊಸೆ, ಮೊಮ್ಮಗಳು ಎಲ್ಲ ಇಲ್ಲೇ ಬೋಡಕ್‌ದೇವ್‌ನಲ್ಲಿ. ಊರಿನ ಮನೆಗೆ ಬೀಗ. ಹೋಗುವುದು ವರ್ಷಕ್ಕೊಮ್ಮೆ, ಅದೂ ನಾಲ್ಕು ದಿನಕ್ಕೆ.

ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಿತ್ತಲನ್ನು ಊರಿಗೆಂದು ಮುಂದೂಡಬೇಡಿ. ಮನೆಯ ಹಿಂದೆ ಹತ್ತಡಿ ಮಣ್ಣಿದ್ದರೆ ಇಲ್ಲೇ, ಈ ವರ್ಷವೇ ಶುರು ಮಾಡಿ. ಆದರೆ ದಯವಿಟ್ಟು ಅಗೆಯಬೇಡಿ.

ಈ ಬುದ್ಧಿ ನನಗೆ ಬಂದದ್ದು ಪೆಟ್ಟು ತಿಂದಮೇಲೆ. ಮೂರು ವರ್ಷದ ಹಿಂದೆ ಉತ್ಸಾಹದಲ್ಲಿ ಗುದ್ದಲಿ ತಂದು ಎರಡು ದಿನ ಅಗೆದೆ. ನೆಲ ಕಲ್ಲಿನ ಹಾಗೆ ಗಟ್ಟಿ. ಮೂರನೇ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಸೊಂಟ ಸರಿಹೋಗಲು ಆರು ವಾರ ಬೇಕಾಯಿತು. "ಇನ್ನು ತೋಟ ಗೀಟ ಏನೂ ಬೇಡ" ಅಂತ ಮನೆಯವಳು ಗುದ್ದಲಿಯನ್ನು ಯಾರಿಗೋ ಕೊಟ್ಟುಬಿಟ್ಟಳು. ಮಲಗಿದ್ದಾಗ ನೆನಪಾದದ್ದು ನಮ್ಮ ಶಿರಸಿ ಕಡೆಯ ಅಡಿಕೆ ತೋಟ. ಅಲ್ಲಿ ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಮರದ ಬುಡಕ್ಕೆ ಹಾಸುವುದು ತಲೆಮಾರುಗಳಿಂದ ಬಂದ ಪದ್ಧತಿ. ಹೊದಿಕೆಯ ಕೆಳಗೆ ಕೈ ಹಾಕಿದರೆ ಬೇಸಿಗೆಯಲ್ಲೂ ಮಣ್ಣು ತಣ್ಣಗೆ, ಮೆತ್ತಗೆ ಇರುತ್ತಿತ್ತು. ಇಷ್ಟು ಗೊತ್ತಿದ್ದೂ ನಾನು ಗುದ್ದಲಿ ಹಿಡಿದಿದ್ದೆ!

ಇದು ನಮ್ಮೂರಿನದು ಮಾತ್ರ ಅಲ್ಲ. ಅಮೆರಿಕದ ರೂತ್ ಸ್ಟೌಟ್ ಎಂಬಾಕೆ ಹುಟ್ಟಿದ್ದು 1884ರಲ್ಲಿ. 1944ರಲ್ಲಿ, ಅಂದರೆ ಅರವತ್ತರ ಹೊಸ್ತಿಲಲ್ಲಿ, ಉಳುವವನಿಗೆ ಕಾಯುವುದನ್ನು ಬಿಟ್ಟು, ಹಳೆಯ ಹುಲ್ಲು, ಎಲೆಗಳನ್ನು ನೆಲಕ್ಕೆ ದಪ್ಪಗೆ ಹಾಸಿ ತರಕಾರಿ ಬೆಳೆಯತೊಡಗಿದರು. ಬೆನ್ನು ನೋಯದೆ ತೋಟ ಮಾಡುವುದು ಹೇಗೆ ಎಂದು 1955ರಲ್ಲಿ ಪುಸ್ತಕವನ್ನೂ ಬರೆದರು. ಬದುಕಿದ್ದು 1980ರ ತನಕ. ನಮ್ಮ ಗುಜರಾತಿನಲ್ಲೇ ವಲ್ಸಾಡ್ ಜಿಲ್ಲೆಯ ಉಮರ್‌ಗಾಮ್ ಹತ್ತಿರ ದೇಹ್ರಿಯಲ್ಲಿ ಭಾಸ್ಕರ್ ಸಾವೆ (1922–2015) ಅವರ 'ಕಲ್ಪವೃಕ್ಷ' ತೋಟವಿದೆ. ನೆಲ ಬರಿದಾಗಿ ಬಿಸಿಲಿಗೆ ಒಡ್ಡಿಕೊಂಡಿರಬಾರದು ಎನ್ನುವುದು ಅವರ ಸಹಜ ಕೃಷಿಯ ಪಾಠಗಳಲ್ಲೊಂದು.

ಹೊದಿಕೆ ಏನು ಮಾಡುತ್ತದೆ? ಬಿಸಿಲು ನೇರ ಮಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ನೀರು ಬೇಗ ಆರುವುದಿಲ್ಲ. ಕಳೆಗೆ ಬೆಳಕು ಸಿಗುವುದಿಲ್ಲ. ಎಲೆ ಕೊಳೆತು ಗೊಬ್ಬರವಾಗುತ್ತದೆ. ಅದನ್ನು ತಿನ್ನಲು ಬರುವ ಎರೆಹುಳುಗಳು ನಿಮ್ಮ ಬದಲು ಮಣ್ಣನ್ನು ಸಡಿಲ ಮಾಡುತ್ತವೆ. ಅಂದರೆ ವಯಸ್ಸಾದವರಿಗೆ ಕಷ್ಟವಾದ ಮೂರು ಕೆಲಸ, ಅಗೆಯುವುದು, ಕಳೆ ಕೀಳುವುದು, ಬಕೆಟ್ ಹೊರುವುದು, ಮೂರೂ ಕಡಿಮೆ.

*ಮಾಡುವುದು ಹೀಗೆ*

ಫೆಬ್ರವರಿ, ಮಾರ್ಚ್‌ನಲ್ಲಿ ಬೇವಿನ ಮರ ಎಲೆ ಉದುರಿಸುತ್ತದೆ. ಸೊಸೈಟಿಯಲ್ಲಿ ಗುಡಿಸುವವರಿಗೆ ಹೇಳಿ ನಾಲ್ಕಾರು ಗೋಣಿಚೀಲ ತುಂಬಿಸಿಡಿ. ಸುಟ್ಟರೆ ಹೊಗೆ ನಮ್ಮ ಶ್ವಾಸಕೋಶಕ್ಕೇ ಬರುವುದು.

ಗಣೇಶ ಚೌತಿ ಹೊತ್ತಿಗೆ ಮೂರಡಿ ಅಗಲದ ಪಾತಿ ಗುರುತು ಮಾಡಿ. ಅದಕ್ಕಿಂತ ಅಗಲ ಬೇಡ, ಎರಡೂ ಬದಿಯಿಂದ ಕೈಗೆ ಎಟುಕಬೇಕು. ಹುಲ್ಲು ಕತ್ತರಿಸಿ, ನೆಲ ಚೆನ್ನಾಗಿ ನೆನೆಸಿ, ಟೇಪ್ ಕಿತ್ತ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಅಂಚಿನ ಮೇಲೆ ಒಂದು ಬರುವಂತೆ ಹಾಸಿ. ಮೇಲೆ ಎರಡು ಮೂರು ಇಂಚು ಚೆನ್ನಾಗಿ ಕಳಿತ ಸಗಣಿ ಗೊಬ್ಬರ. ಹಸಿ ಸಗಣಿ ಬೇಡ, ಅದರಲ್ಲಿ ರೋಗಾಣುಗಳಿರುತ್ತವೆ. ಅದರ ಮೇಲೆ ನಾಲ್ಕೈದು ಇಂಚು ತರಗೆಲೆ. ನೀರು ಚಿಮುಕಿಸಿ ಬಿಟ್ಟುಬಿಡಿ. ಜೇಕು ಹುಲ್ಲು ಮಾತ್ರ ತೂರಿಕೊಂಡು ಬರುತ್ತದೆ, ಕಂಡಾಗ ಕಿತ್ತರಾಯಿತು.

ನವರಾತ್ರಿಯ ನಂತರ ಎಲೆ ಸರಿಸಿ ಮೆಂತ್ಯ, ಪಾಲಕ್, ಕೊತ್ತಂಬರಿ ಬಿತ್ತಿ. ಟೊಮೇಟೊ, ಬದನೆ ಸಸಿ ನೆಡುವಲ್ಲಿ ರಟ್ಟಿಗೆ ತೂತು ಮಾಡಿ. ಎಲೆ ಕಾಂಡಕ್ಕೆ ತಾಗದಂತೆ ಮೂರು ಬೆರಳು ದೂರವಿರಲಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಗೆದ್ದಲಿನ ಭಯ ಇರುವುದರಿಂದ ಮನೆಗೋಡೆಯಿಂದ ಎರಡಡಿ ಬಿಟ್ಟೇ ಪಾತಿ ಮಾಡಿ. ಮಣ್ಣೇ ಇಲ್ಲದ ಫ್ಲ್ಯಾಟಿನವರಿಗೆ ಬಾಲ್ಕನಿಯ ಎರಡು ಕ್ರೇಟ್ ಸಾಕು, ಎಲೆ ಹೊದಿಕೆ ಅಲ್ಲೂ ಇರಲಿ.

*ಆರೋಗ್ಯದ ಲೆಕ್ಕ*

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ, ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಪುಟ್ಟ ಪಾತಿ ಎರಡನ್ನೂ ಪೂರ್ತಿ ಕೊಡದು. ಆದರೆ ಬೆಳಿಗ್ಗೆ ಎಬ್ಬಿಸಿ ಹೊರಗೆ ಕರೆದೊಯ್ಯುತ್ತದೆ, ತಟ್ಟೆಗೆ ಒಂದು ಹಿಡಿ ಸೊಪ್ಪು ಹಾಕುತ್ತದೆ. ಫಾರ್ವರ್ಡ್ ಮೆಸೇಜು ನಂಬಿ, ಸೊಪ್ಪು ತಿನ್ನುತ್ತೇನೆಂದು ಬಿಪಿ, ಶುಗರ್ ಮಾತ್ರೆ ಮಾತ್ರ ಬಿಡಬೇಡಿ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಸೊಪ್ಪಿನ ಪ್ರಮಾಣ ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಿ.

ಇಲ್ಲಿಯ ಬಿಸಿಲು ಹುಡುಗಾಟವಲ್ಲ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಬಹಳ ಜನ ಸತ್ತಮೇಲೆ, 2013ರಲ್ಲಿ ಅಹಮದಾಬಾದ್ ನಗರಪಾಲಿಕೆ ಅದಕ್ಕೆಂದೇ ಯೋಜನೆ ಮಾಡಿತು. ಏಪ್ರಿಲ್‌ನಿಂದ ಜೂನ್ ತನಕ ಎಂಟು ಗಂಟೆಯೊಳಗೆ ತೋಟದಿಂದ ಒಳಗೆ ಬನ್ನಿ. ಬಗ್ಗಿ ಕೆಲಸ ಮಾಡುವ ಬದಲು ಸ್ಟೂಲಿನ ಮೇಲೆ ಕೂತು ಮಾಡಿ. ಬಿಪಿ ಮಾತ್ರೆಯವರು ಥಟ್ಟನೆ ಏಳಬೇಡಿ, ತಲೆ ಸುತ್ತುತ್ತದೆ. ಎಲೆಯಡಿ ಚೇಳು, ಹಾವು ಇರಬಹುದು, ಮೊದಲು ಕೋಲಿನಿಂದ ಕೆದಕಿ, ಆಮೇಲೆ ಕೈಗವಸು ಹಾಕಿದ ಕೈ. ಕಾಲಿಗೆ ಬೂಟು ಇರಲಿ, ಟೆಟನಸ್ ಇಂಜೆಕ್ಷನ್ ಬಾಕಿ ಇದ್ದರೆ ಹಾಕಿಸಿಕೊಳ್ಳಿ. ನೀರಿನ ಡ್ರಮ್ಮಿಗೆ ಮುಚ್ಚಳ ಮರೆಯಬೇಡಿ, ಡೆಂಗ್ಯೂ ಸೊಳ್ಳೆಗೆ ಅಷ್ಟೇ ಸಾಕು.

ಕೊನೆಯದಾಗಿ ಒಂದು ಮಾತು. ಇಷ್ಟು ವರ್ಷ ಪಕ್ಕದ ಮನೆಯ ಬೆನ್ ಜೊತೆ ನಮ್ಮದು "ಕೇಮ್ ಛೋ"ಗೆ ಮುಗಿಯುತ್ತಿತ್ತು. ಮನೆಯವಳು ಬಸಳೆ ಕೊಟ್ಟಳು, ಅವರು ಸುರ್ತಿ ಪಾಪ್ಡಿ ಬೀಜ ಕೊಟ್ಟರು. ಬೆಳೆದು ಹೂ ಬಿಟ್ಟಾಗ ಗೊತ್ತಾಯಿತು, ಅದು ನಮ್ಮ ಅವರೆಯ ಜಾತಿಯದೇ! ಕಳೆದ ಸಂಕ್ರಾಂತಿಗೆ ಒಂದೇ ಬಳ್ಳಿಯ ಕಾಯಿ ಅವರ ಮನೆಯಲ್ಲಿ ಉಂಧಿಯು ಆಯಿತು, ನಮ್ಮಲ್ಲಿ ಹುಳಿ ಆಯಿತು.

ಊರಿನ ಹಿತ್ತಲು ಕಾಯುತ್ತದೆ, ನಮ್ಮ ವಯಸ್ಸು ಕಾಯುವುದಿಲ್ಲ. ಇವತ್ತೇ ಒಂದು ಚೀಲ ತರಗೆಲೆ ಎತ್ತಿಡಿ. ಓದಿ, ನಿಮ್ಮ ಮನೆಯ ಹಿರಿಯರಿಗೂ ಕಳಿಸಿ. 🌿