ಕಂತು ಸಣ್ಣದು, ಸಾಲ ದೊಡ್ಡದು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತರಿಗೆ ಸಾಲ ಹೊಸದೇನಲ್ಲ. ಬೆಳೆಸಾಲ ತೆಗೆದು ಕಬ್ಬು ನೆಡುವುದು, ಕಾರ್ಖಾನೆಯ ಬಿಲ್ಲು ಬಂದಾಗ ತೀರಿಸುವುದು ರೂಢಿಯಾಗಿಬಿಟ್ಟಿದೆ. ಆದರೆ ಮಗಳ ಎಂಜಿನಿಯರಿಂಗ್ ಓದಿಗೆ ಬ್ಯಾಂಕು ಕೊಡುವ ಸಾಲದ ಲೆಕ್ಕವೇ ಬೇರೆ. ಮಂಜೂರಾದ ಸಂತೋಷದಲ್ಲಿ ರುಜು ಹಾಕುವಾಗ, ಎಷ್ಟು ವರ್ಷಗಳಲ್ಲಿ ತೀರಿಸಬೇಕು ಎಂಬುದನ್ನು ಅನೇಕ ಪೋಷಕರು ಓದುವುದೇ ಇಲ್ಲ.

ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿ, 2015ರಲ್ಲಿ ಪರಿಷ್ಕರಿಸಿದ ಮಾದರಿ ಯೋಜನೆಯ ಪ್ರಕಾರ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಅಲ್ಲಿಂದ ಮುಂದೆ 15 ವರ್ಷಗಳವರೆಗೆ ಕಾಲಾವಕಾಶವಿದೆ. ಕಂತಿಗೆ ರಜೆ ಉಂಟು, ಬಡ್ಡಿಗೆ ಇಲ್ಲ.

ನಾಲ್ಕು ವರ್ಷದ ಕೋರ್ಸಿಗೆ ವರ್ಷಾರಂಭದಲ್ಲಿ ಒಂದೊಂದು ಲಕ್ಷದಂತೆ 4 ಲಕ್ಷ ರೂಪಾಯಿ, ಬಡ್ಡಿ ಶೇ 10 ಎಂದು ಇಟ್ಟುಕೊಳ್ಳಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50 ಸಾವಿರ, ಎರಡನೆಯದಕ್ಕೆ 40, ಆಮೇಲೆ 30, 20. ಒಟ್ಟು 1 ಲಕ್ಷ 40 ಸಾವಿರ. ಇದು ಅಸಲಿಗೆ ಸೇರಿ, ಕಂತು ಶುರುವಾಗುವ ದಿನ ಸಾಲ 5 ಲಕ್ಷ 40 ಸಾವಿರ ಆಗಿರುತ್ತದೆ. ಏಳು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 8,965 ರೂಪಾಯಿ, ಒಟ್ಟು ಕಟ್ಟುವುದು ಏಳೂವರೆ ಲಕ್ಷ. ಹದಿನೈದು ವರ್ಷವಾದರೆ ಕಂತು 5,803ಕ್ಕೆ ಇಳಿಯುತ್ತದೆ, ಒಟ್ಟು ಹತ್ತು ಲಕ್ಷ ನಲವತ್ತನಾಲ್ಕು ಸಾವಿರ ದಾಟುತ್ತದೆ! ಈ ವ್ಯತ್ಯಾಸದಲ್ಲಿ ತಂಗಿಯ ಓದಿನ ಬಹುಪಾಲು ಮುಗಿಯುತ್ತಿತ್ತು.

ಹಾಗೆಂದು ಎಲ್ಲರೂ ಏಳು ವರ್ಷವನ್ನೇ ಆರಿಸಬೇಕೆಂದಲ್ಲ. ಮದ್ದೂರಿನಿಂದ ಸೀಸನ್ ಪಾಸಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವ ಹುಡುಗನಿಗೆ ದೊಡ್ಡ ಕಂತು ಹೊರೆಯಾಗದು. ಅಲ್ಲೇ ಕೊಠಡಿ ಬಾಡಿಗೆ ಕೊಟ್ಟು ಇರಬೇಕಾದ ಹುಡುಗಿಗೆ ಅದೇ ಸಂಬಳದಲ್ಲಿ ಆಗದ ಮಾತು. ಕಂತು ತಪ್ಪಿದರೆ ಅವಳ ಹೆಸರಿಗಷ್ಟೇ ಅಲ್ಲ, ಸಹ-ಸಾಲಗಾರನಾಗಿ ರುಜು ಹಾಕಿದ ತಂದೆಯ ಹೆಸರಿಗೂ ಸಿಬಿಲ್ ದಾಖಲೆಯಲ್ಲಿ ಕಪ್ಪು ಚುಕ್ಕೆ. ನಾಳೆ ಬೆಳೆಸಾಲ ಕೇಳಲು ಹೋದಾಗ ಬ್ಯಾಂಕಿನವರು ಅದನ್ನೇ ತೆರೆದು ನೋಡುತ್ತಾರೆ. ಭರವಸೆ ಇಲ್ಲದ ಕಡೆ ಉದ್ದದ ಅವಧಿಯೇ ಕ್ಷೇಮ.

ಅದಕ್ಕಿಂತ ಒಳ್ಳೆಯ ದಾರಿ ಓದುವಾಗಲೇ ಬಡ್ಡಿ ಕಟ್ಟಿಬಿಡುವುದು. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ಡೇರಿಯ ಹಾಲಿನ ಬಟವಾಡೆಯಲ್ಲಿ ತೆಗೆದಿಡಬಹುದಾದ ಹಣ. ನಾಲ್ಕನೇ ವರ್ಷಕ್ಕೆ ಅದು 3,333 ಆಗುತ್ತದೆ, ಆಗ ಕಷ್ಟವೇ. ಕಟ್ಟಿದಷ್ಟು ಲಾಭ. ಪೂರ್ತಿ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇ 1 ರಿಯಾಯಿತಿ ಕೊಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಇದು ತಾನಾಗಿ ಬರುವುದಿಲ್ಲ, ಮ್ಯಾನೇಜರನ್ನು ಕೇಳಬೇಕು.

ಕುಟುಂಬದ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದರೆ ಇನ್ನೊಂದು ಮಾತು. ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ವೃತ್ತಿಪರ, ತಾಂತ್ರಿಕ ಕೋರ್ಸು ಓದುವವರ ರಜಾ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುವ ಯೋಜನೆ 2009ರಿಂದ ಇದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಸಾಲದ ಅರ್ಜಿಯ ಜೊತೆಗೇ ಕೊಟ್ಟು, ಸಹಾಯಧನಕ್ಕೆ ಹೆಸರು ಸೇರಿದೆಯೇ ಎಂದು ವಿಚಾರಿಸಬೇಕು.

ಮುಂದೆ ಕಬ್ಬಿನ ಬಿಲ್ಲೋ ಬೋನಸ್ಸೋ ಬಂದಾಗ ಹೆಚ್ಚು ಹಣ ಕಟ್ಟಿದರೆ ಮಾದರಿ ಯೋಜನೆಯಲ್ಲಿ ದಂಡವಿಲ್ಲ. ಕಟ್ಟುವಾಗ ‘ಕಂತು ಈಗಿನಷ್ಟೇ ಇರಲಿ, ಅವಧಿ ಕಡಿಮೆ ಮಾಡಿ’ ಎಂದು ಬರೆದುಕೊಟ್ಟು, ನಕಲಿನ ಮೇಲೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳುವುದು ಒಳ್ಳೆಯದು.